ವಿಮಾನದ ಹವಾಮಾನ ರೇಡಾರ್‌ಗೆ ಯಾರು ಹೆದರಬೇಕು?

(ಬಸವನಗುಡಿಯ ಒಂದು ಸಭಾಂಗಣದಲ್ಲಿ ವಿಮಾನ ಸಿಬ್ಬಂದಿ, ಅವರ ಮನೆಯವರು ಮತ್ತು ವಿಜ್ಞಾನಾಸಕ್ತರ ಮುಂದೆ ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್ ಒಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ನೀವು ಚೀಟಿಗಳಲ್ಲಿ ಬರೆದು ಕಳುಹಿಸಿದ ಪ್ರಶ್ನೆಗಳನ್ನು ಓದಿದೆ. ಹೆಚ್ಚಿನವು ಒಂದೇ ಪ್ರಶ್ನೆಯ ನಾನಾ ರೂಪಗಳು. ಪೈಲಟ್ ಕೂರುವ ಜಾಗದಿಂದ ನಾಲ್ಕು ಹೆಜ್ಜೆ ಮುಂದೆ ರೇಡಾರ್ ಇರುತ್ತದಲ್ಲ, ವರ್ಷಗಟ್ಟಲೆ ಅದರ ಹಿಂದೆಯೇ ಕುಳಿತವರ ಗತಿಯೇನು? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅರ್ಧದಲ್ಲಿ ಎದ್ದು ಮೆಟ್ರೊ ಹಿಡಿಯುವವರೂ ನಿಮ್ಮಲ್ಲಿ ಇದ್ದೀರಿ. ಕಾಕ್‌ಪಿಟ್‌ನಲ್ಲಿ ಕುಳಿತವರು ಆ ರೇಡಾರ್‌ಗೆ ಹೆದರಬೇಕಾಗಿಲ್ಲ. ಹುಷಾರಾಗಿರಬೇಕಾದವರು ನೆಲದ ಮೇಲೆ ವಿಮಾನದ ಮೂತಿಯ ಮುಂದೆ ನಿಂತು ಕೆಲಸ ಮಾಡುವವರು. ಪೈಲಟ್‌ಗಳೂ ಗಗನಸಖಿಯರೂ ನಿಜವಾಗಿ ಲೆಕ್ಕ ಇಡಬೇಕಾದ ವಿಕಿರಣ ಮೇಲಿನಿಂದ ಬರುತ್ತದೆ. ಅದರ ಮಾತು ಕೊನೆಗೆ. ರೇಡಾರ್ ಹತ್ತಿರ ಕೆಲಸ ಮಾಡುವವರಿಗೆ ಹೆಣ್ಣುಮಕ್ಕಳೇ ಹುಟ್ಟುತ್ತಾರಂತೆ, ನಿಜವೇ ಎಂದು ಒಬ್ಬರು ಹೆಸರು ಬರೆಯದೆ ಕೇಳಿದ್ದಾರೆ. ಅವರಿಗೂ ಉತ್ತರ ಇದೆ.

ಮೊದಲು ಆ ಮೂತಿಯನ್ನು ಬಿಚ್ಚಿ ನೋಡೋಣ. ದೇವನಹಳ್ಳಿಯಲ್ಲಿ ಕಿಟಕಿಯಿಂದ ಪಕ್ಕದ ವಿಮಾನವನ್ನು ನೋಡುವಾಗ ಅದರ ಮೂತಿಯ ತುದಿಯಲ್ಲಿ ಒಂದು ಸಣ್ಣ ಗೆರೆ ಸುತ್ತಿಕೊಂಡು ಹೋಗಿರುವುದು ಕಾಣುತ್ತದೆ. ಆ ಗೆರೆಯಿಂದ ಮುಂದಿನದು ಲೋಹವಲ್ಲ. ಗಾಜಿನ ನಾರಿನ ಪದರಗಳ ನಡುವೆ ಜೇನುಗೂಡಿನಂಥ ಹಗುರ ತಿರುಳಿಟ್ಟು ಮಾಡಿದ ಟೊಪ್ಪಿಗೆ. ಅದಕ್ಕೆ ರೇಡೋಮ್ ಎನ್ನುತ್ತೇವೆ. ಹೊರಮೈ ಮೇಲೆ ತೆಳ್ಳಗಿನ ಲೋಹದ ಪಟ್ಟಿಗಳಿರುತ್ತವೆ. ಸಿಡಿಲು ಬಡಿದರೆ ಅದನ್ನು ವಿಮಾನದ ಲೋಹದ ಮೈಗೆ ದಾಟಿಸುವುದು ಅವುಗಳ ಕೆಲಸ. ಚಿಲಕಗಳನ್ನು ಬಿಚ್ಚಿ ರೇಡೋಮನ್ನು ಮೇಲಕ್ಕೆತ್ತಿ ಊರುಗೋಲು ಕೊಟ್ಟರೆ ಒಳಗೆ ಒಂದು ಚಪ್ಪಟೆ ತಟ್ಟೆ ಕಾಣುತ್ತದೆ. ದೊಡ್ಡ ವಿಮಾನಗಳಲ್ಲಿ ಅಡ್ಡಳತೆ ಸುಮಾರು 70 ಸೆಂಟಿಮೀಟರ್. ಮೈತುಂಬ ಸಾಲುಸಾಲಾಗಿ ಕೊರೆದ ಸಣ್ಣ ಸೀಳುಗಳು. ಅದೇ ಆಂಟೆನಾ. ಸಿನಿಮಾದಲ್ಲಿ ತೋರಿಸುವ ಗುಂಡನೆಯ ಬಟ್ಟಲಿನ ಕಾಲ ಎಂದೋ ಮುಗಿಯಿತು. ಈ ತಟ್ಟೆ ಎಡಕ್ಕೂ ಬಲಕ್ಕೂ ಓಲಾಡುತ್ತಾ, ಸುಮಾರು ಮೂರೂವರೆ ಡಿಗ್ರಿ ಅಗಲದ ಕಿರಣವನ್ನು ಮುಂದಕ್ಕೆ ಚೆಲ್ಲುತ್ತದೆ. ಮಳೆಹನಿಗೆ ಬಡಿದು ಮರಳಿದ್ದು ಪೈಲಟ್‌ನ ಪರದೆಯ ಮೇಲೆ ಹಸಿರು, ಹಳದಿ, ಕೆಂಪಾಗಿ ಮೂಡುತ್ತದೆ.

ಈಗ ತಟ್ಟೆಯ ಹಿಂದೆ ನೋಡಿ. ತಟ್ಟೆಯೇ ಲೋಹ. ಅದರ ಹಿಂದೆ ವಿಮಾನದೊಳಗಿನ ಒತ್ತಡವನ್ನು ತಡೆದು ನಿಲ್ಲಿಸುವ ಗೋಡೆ ಇದೆ, ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಗೋಡೆಯ ಆಚೆಗೆ ಉಪಕರಣಗಳ ಫಲಕ, ಅದರ ಆಚೆಗೆ ಪೈಲಟ್‌ನ ಮೊಣಕಾಲು. ಮೂರು ಸೆಂಟಿಮೀಟರ್ ಉದ್ದದ ಅಲೆಗೆ ಇಷ್ಟು ಲೋಹವನ್ನು ದಾಟುವ ಶಕ್ತಿ ಇಲ್ಲ. ಕಿರಣದ ಅಂಚಿನಿಂದ ಪಕ್ಕಕ್ಕೆ ಸೋರುವ ಪಾಲು ಮುಖ್ಯ ಕಿರಣದ ನೂರರಲ್ಲಿ ಒಂದಕ್ಕಿಂತ ಕಡಿಮೆ. ಅದೂ ಪೈಲಟ್‌ನ ಕಡೆಗೆ ಬಾರದೆ ಗೋಡೆಯ ಮುಂದೆಯೇ ಉಳಿಯುತ್ತದೆ.

ಈ ಅಲೆ ಮೈಗೆ ಏನು ಮಾಡಬಲ್ಲದು? ಹವಾಮಾನ ರೇಡಾರ್ ಕೆಲಸ ಮಾಡುವುದು 9.3ರಿಂದ 9.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕಲು ಹತ್ತು ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಬೇಕು ಎಂದುಕೊಳ್ಳಿ. ಈ ರೇಡಾರ್‌ನ ಒಂದು ಫೋಟಾನ್‌ನಲ್ಲಿ, ಅಂದರೆ ಅಲೆಯ ಒಂದು ಶಕ್ತಿಕಣದಲ್ಲಿ, ಇರುವುದು ಅದರ ಎರಡೂವರೆ ಲಕ್ಷದಲ್ಲಿ ಒಂದು ಪಾಲು. ಆದ್ದರಿಂದ ಎಕ್ಸ್-ರೇ ಮಾಡುವಂತೆ ಡಿಎನ್ಎಯನ್ನು ಕತ್ತರಿಸುವ ಕೆಲಸ ಇದರಿಂದ ಆಗದು. ಬಿಸಿ ಮಾಡಬಲ್ಲದು, ಅಷ್ಟೇ. ಅದೂ ಚರ್ಮದಿಂದ ಕೆಲವೇ ಮಿಲಿಮೀಟರ್ ಆಳಕ್ಕೆ. ಆದರೆ ಈ "ಅಷ್ಟೇ" ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣಿನ ಮಸೂರದಲ್ಲಿ ರಕ್ತನಾಳಗಳಿಲ್ಲ, ಬಿಸಿಯನ್ನು ಹೊತ್ತೊಯ್ಯುವವರು ಅಲ್ಲಿ ಯಾರೂ ಇಲ್ಲ. ತೀವ್ರವಾದ ಮೈಕ್ರೋವೇವ್ ಬಿಟ್ಟಾಗ ಮೊಲಗಳ ಕಣ್ಣಿಗೆ ಪೊರೆ ಬಂದದ್ದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಗಂಡಸರ ವೃಷಣವೂ ಬಿಸಿಯನ್ನು ತಾಳುವ ಅಂಗವಲ್ಲ.

ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರೇಡಾರ್ ಕೊಳವೆಗಳ ಮೇಲೆ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಜೇಬಿನಲ್ಲಿದ್ದ ಸಿಹಿತಿಂಡಿ ಕರಗಿದ್ದನ್ನು ಗಮನಿಸಿದ ಕಥೆ ನಿಮಗೆ ಗೊತ್ತಿರಬಹುದು. 1945ರ ಆಸುಪಾಸಿನ ಮಾತು. ನಮ್ಮ ಅಡುಗೆಮನೆಯ ಮೈಕ್ರೋವೇವ್ ಒಲೆ ಹುಟ್ಟಿದ್ದು ಅಲ್ಲಿಂದ. ಜೇಬಿನ ತಿಂಡಿ ಕರಗಿತು, ಸರಿ. ಜೇಬಿನ ಹಿಂದೆ ಇದ್ದ ಮನುಷ್ಯನ ವಿಚಾರವನ್ನು ಕಥೆ ಹೇಳುವವರು ಯಾರೂ ಕೇಳುವುದಿಲ್ಲ ಎಂಬುದೇ ನನಗೆ ಸೋಜಿಗ. ಮನುಷ್ಯನ ಮೈ ಎಷ್ಟು ತಾಳಬಹುದು ಎಂಬ ಲೆಕ್ಕವನ್ನು 1953ರಲ್ಲಿ ಹರ್ಮನ್ ಶ್ವಾನ್ ಎಂಬ ವಿಜ್ಞಾನಿ ಮುಂದಿಟ್ಟರು. ಚದರ ಮೀಟರಿಗೆ 100 ವ್ಯಾಟ್ ಎಂದರು. ಆಮೇಲೆ ಮಿತಿ ಇನ್ನಷ್ಟು ಬಿಗಿಯಾಯಿತು. ಇಂದು ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಈ ಅಲೆಗಳ ನಡುವೆ ಕೆಲಸ ಮಾಡುವವರಿಗೆ 50 ವ್ಯಾಟ್, ಸಾರ್ವಜನಿಕರಿಗೆ 10 ವ್ಯಾಟ್.

ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕೋಣ. ಹೊಸ ತಲೆಮಾರಿನ ರೇಡಾರ್‌ಗಳು ಮಿಡಿತದ ತುದಿಯಲ್ಲಿ ಬಿಡುವ ಶಕ್ತಿ ನೂರು, ನೂರೈವತ್ತು ವ್ಯಾಟ್‌ನ ಆಸುಪಾಸು. ಅದು ಬಿಟ್ಟುಬಿಟ್ಟು ಮಿಡಿಯುವುದರಿಂದ, ಲೆಕ್ಕಕ್ಕೆ ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಚಾಲೂ ಇರುತ್ತದೆ ಎಂದಿಟ್ಟುಕೊಳ್ಳಿ. 150 ವ್ಯಾಟ್‌ನ ಸರಾಸರಿ ಒಂದೂವರೆ ವ್ಯಾಟ್ ಆಯಿತು. ಎಪ್ಪತ್ತು ಸೆಂಟಿಮೀಟರ್ ತಟ್ಟೆಯ ಹತ್ತಿರ ಆಗಬಹುದಾದ ಗರಿಷ್ಠ ತೀವ್ರತೆಗೆ ಒಂದು ಸರಳ ಸೂತ್ರವಿದೆ: ಸರಾಸರಿ ಶಕ್ತಿಯ ನಾಲ್ಕು ಪಟ್ಟನ್ನು ತಟ್ಟೆಯ ವಿಸ್ತೀರ್ಣದಿಂದ ಭಾಗಿಸುವುದು. ಬರುವ ಉತ್ತರ ಚದರ ಮೀಟರಿಗೆ ಸುಮಾರು 16 ವ್ಯಾಟ್. ಕೆಲಸಗಾರರ ಮಿತಿಯ ಒಳಗೆ, ಸಾರ್ವಜನಿಕರ ಮಿತಿಯ ಹೊರಗೆ. ತಟ್ಟೆ ಒಂದೇ ಕಡೆ ಮುಖಮಾಡಿ ನಿಂತಿದ್ದರೆ ಮಾತ್ರ ಈ ಲೆಕ್ಕ. ಅದು 180 ಡಿಗ್ರಿ ಓಲಾಡುತ್ತಿದ್ದರೆ ಮೂರೂವರೆ ಡಿಗ್ರಿಯ ಕಿರಣ ನಿಮ್ಮ ಮೇಲೆ ಬೀಳುವುದು ಐವತ್ತರಲ್ಲಿ ಒಂದು ಪಾಲು ಹೊತ್ತು. ದೀಪದ ಕುಡಿಯ ಮೇಲೆ ಬೆರಳು ಆಡಿಸುವ ಆಟ ಎಲ್ಲರೂ ಚಿಕ್ಕಂದಿನಲ್ಲಿ ಆಡಿದ್ದೇವೆ. ಬೆರಳು ಸುಡುವುದು ಆಡಿಸುವಾಗಲ್ಲ, ನಿಲ್ಲಿಸಿದಾಗ. ಹಾಗಾಗಿ ಓಲಾಟ ನಿಲ್ಲಿಸಿ ಪ್ರಸಾರ ಮಾಡುವ ಪರೀಕ್ಷೆಗಳ ಬಗ್ಗೆ ಕೈಪಿಡಿಗಳು ಅಷ್ಟು ಕಟ್ಟುನಿಟ್ಟಾಗಿರುತ್ತವೆ.

ಮ್ಯಾಗ್ನೆಟ್ರಾನ್ ಎಂಬ ಕೊಳವೆಯಿಂದ ಅಲೆ ಹುಟ್ಟಿಸುವ ಹಳೆಯ ರೇಡಾರ್‌ಗಳ ಲೆಕ್ಕ ಬೇರೆ. ಅವುಗಳ ತುದಿಶಕ್ತಿ ಹತ್ತಾರು ಕಿಲೋವ್ಯಾಟ್. 60 ಕಿಲೋವ್ಯಾಟ್, ಸಾವಿರದಲ್ಲಿ ಒಂದು ಪಾಲು ಹೊತ್ತು ಎಂದಿಟ್ಟುಕೊಂಡರೆ ಸರಾಸರಿ 60 ವ್ಯಾಟ್. ಅದೇ ತಟ್ಟೆ, ಅದೇ ಸೂತ್ರ: ಚದರ ಮೀಟರಿಗೆ ಸುಮಾರು 620 ವ್ಯಾಟ್. ಶ್ವಾನ್ ಹೇಳಿದ ಸಡಿಲ ಮಿತಿಗೆ ಇಳಿಯಬೇಕಾದರೂ ಹನ್ನೆರಡು ಮೀಟರ್ ದೂರ ಹೋಗಬೇಕು. ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತ ನೆಲದ ಮೇಲೆ ಹವಾಮಾನ ರೇಡಾರ್ ಬಳಸುವಾಗ ಪಾಲಿಸಬೇಕಾದ ಎಚ್ಚರಿಕೆಗಳ ಸುತ್ತೋಲೆಯನ್ನು 1980ರಲ್ಲಿ ಪರಿಷ್ಕರಿಸಿ ಹೊರಡಿಸಿದಾಗ ಅವರ ಕಣ್ಣಮುಂದೆ ಇದ್ದದ್ದು ಇಂಥ ಯಂತ್ರಗಳು. ಇಂದಿನ ವಿಮಾನಗಳ ಕೈಪಿಡಿಗಳು ಹೇಳುವ ಅಂತರ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಎಷ್ಟೆಂಬುದು ಪ್ರತಿ ಮಾದರಿಗೂ ಬೇರೆ, ಆದ್ದರಿಂದ ನಿಮ್ಮ ಕೈಯಲ್ಲಿರುವ ವಿಮಾನದ ಕೈಪಿಡಿಯನ್ನೇ ನೋಡಿ, ಪಕ್ಕದವನ ನೆನಪನ್ನಲ್ಲ. ಇನ್ನೊಂದು ಮಾತು. ಮಿತಿ ದಾಟಿದ ಕೂಡಲೇ ಚರ್ಮಕ್ಕೆ ಬಿಸಿ ತಾಗುತ್ತದೆ ಎಂದುಕೊಳ್ಳಬೇಡಿ. "ನನಗೆ ಏನೂ ಅನ್ನಿಸಲಿಲ್ಲ" ಎಂಬುದು ಅಳತೆಯಲ್ಲ.

ಇನ್ನು ನೆಲದ ಮೇಲಿನ ಜನ. ವಿಮಾನವನ್ನು ಅದು ನಿಲ್ಲುವ ಜಾಗದಿಂದ ಹಿಂದಕ್ಕೆ ತಳ್ಳುವಾಗ ಮೂತಿಯ ಪಕ್ಕದಲ್ಲಿ ಹೆಡ್‌ಸೆಟ್ ಹಾಕಿಕೊಂಡು ನಡೆಯುವ ಹುಡುಗನನ್ನು ನೀವು ನೋಡಿದ್ದೀರಿ, ಗಮನಿಸಿರಲಿಕ್ಕಿಲ್ಲ. ವಿಮಾನ ನಿಂತ ಮೇಲೆ ಅವನು ತಳ್ಳುವ ವಾಹನಕ್ಕೆ ಜೋಡಿಸಿದ ಸರಳನ್ನು (ಟೋ ಬಾರ್) ಬಿಚ್ಚಿಸುತ್ತಾನೆ, ಮೂತಿಚಕ್ರದ ಬಳಿ ಸಿಕ್ಕಿಸಿದ್ದ ಪಿನ್ನನ್ನು ತೆಗೆಯುತ್ತಾನೆ, ಹೆಡ್‌ಸೆಟ್ ತಂತಿ ಕಿತ್ತು, ಪಕ್ಕಕ್ಕೆ ನಡೆದು, ತಿರುಗಿ ನಿಂತು, ಕೆಂಪು ಬಾವುಟ ತೂಗುವ ಆ ಪಿನ್ನನ್ನು ಎತ್ತಿ ಪೈಲಟ್‌ಗೆ ತೋರಿಸುತ್ತಾನೆ. ಇಷ್ಟೆಲ್ಲ ನಡೆಯುವಾಗ ಎಂಜಿನ್ ಚಾಲೂ ಆಗಿರುತ್ತದೆ. ಅವನು ರೇಡಾರ್‌ನ ಮುಂಬದಿಯಲ್ಲೇ ಇರುತ್ತಾನೆ.

ಇಲ್ಲಿ ಒಂದು ಸೂಕ್ಷ್ಮ ಇದೆ. 1985ರ ಆಗಸ್ಟ್‌ನಲ್ಲಿ ಡಲ್ಲಾಸ್‌ನಲ್ಲಿ ಇಳಿಯುತ್ತಿದ್ದ ಡೆಲ್ಟಾ 191 ವಿಮಾನ ಗುಡುಗುಮೋಡದಿಂದ ಧುಮುಕಿದ ಗಾಳಿಗೆ ಸಿಕ್ಕಿ ನೆಲಕ್ಕೆ ಬಿತ್ತು. ಆ ಬಳಿಕ ನಡೆದ ಸಂಶೋಧನೆಯಿಂದ, ವಿಂಡ್‌ಶಿಯರ್ ಎನ್ನುವ ಆ ಗಾಳಿಯ ಮುನ್ಸೂಚನೆಯನ್ನು ಹವಾಮಾನ ರೇಡಾರೇ ಕೊಡುವಂತಾಯಿತು. ತೊಂಬತ್ತರ ದಶಕದಿಂದ ಈ ಸೌಲಭ್ಯ ವಿಮಾನಗಳಲ್ಲಿದೆ, ಎಷ್ಟೋ ಜೀವ ಉಳಿಸಿದೆ. ಆದರೆ ಏರ್‌ಬಸ್ 320 ಬಗೆಯ ವಿಮಾನಗಳಲ್ಲಿ ಅದರ ಸ್ವಿಚ್ಚನ್ನು ಆಟೋ ಸ್ಥಾನದಲ್ಲಿ ಬಿಟ್ಟಿದ್ದರೆ, ರೇಡಾರ್‌ನ ಮುಖ್ಯ ಸ್ವಿಚ್ ಆಫ್ ಇದ್ದರೂ, ಎಂಜಿನ್ ಚಾಲೂ ಆಗಿ ಉಳಿದ ಷರತ್ತುಗಳೂ ಕೂಡಿಬಂದಾಗ ಅದು ತಾನಾಗಿಯೇ ಪ್ರಸಾರ ಶುರುಮಾಡುತ್ತದೆ. ಪೈಲಟ್ ತಾನೇನೂ ಹಾಕಿಲ್ಲ ಎಂದುಕೊಂಡಿರುತ್ತಾನೆ. ಕೆಳಗಿರುವವನು ಪೈಲಟ್ ಹಾಕಿರುವುದಿಲ್ಲ ಎಂದುಕೊಂಡಿರುತ್ತಾನೆ. ರನ್‌ವೇ ಹತ್ತಿರ ಬರುವವರೆಗೆ ಎರಡೂ ಸ್ವಿಚ್‌ಗಳನ್ನು ಆಫ್‌ನಲ್ಲಿ ಇಡಬೇಕು ಎಂಬ ಪದ್ಧತಿ ಇರುವುದು ಇದಕ್ಕಾಗಿ. ಇಲ್ಲಿ ಕುಳಿತಿರುವ ಪೈಲಟ್‌ಗಳು ಈ ಉಪನ್ಯಾಸದಿಂದ ಒಂದೇ ಒಂದನ್ನು ಕೊಂಡೊಯ್ಯುವುದಾದರೆ ಆ ಸ್ವಿಚ್ಚಿನ ನೆನಪನ್ನು ಕೊಂಡೊಯ್ಯಿರಿ. ಒಂದು ಸಲಕ್ಕೆ ಆ ಹುಡುಗನಿಗೆ ಏನೂ ಆಗುವುದಿಲ್ಲ, ನಾವು ಹಾಕಿದ ಲೆಕ್ಕವೇ ಅದನ್ನು ಹೇಳುತ್ತದೆ. ಆದರೆ ಅವನು ಒಂದೇ ವಿಮಾನವನ್ನು ಕಳುಹಿಸುವುದಿಲ್ಲ; ಪಾಳಿಯುದ್ದಕ್ಕೂ ಒಂದಾದ ಮೇಲೊಂದು ಮೂತಿಯ ಮುಂದೆ ನಿಲ್ಲುತ್ತಾನೆ.

ಇಂಧನ ತುಂಬುವಾಗ ರೇಡಾರ್ ಹಾಕಬಾರದು ಎಂಬ ನಿಯಮದ ಹಿಂದೆ ಮೈಗಿಂತ ಹೆಚ್ಚಾಗಿ ಕಿಡಿಯ ಭಯವಿದೆ. ಲೋಹದ ತುಣುಕುಗಳಲ್ಲಿ ಈ ಅಲೆ ವಿದ್ಯುತ್ ಹರಿಸಬಲ್ಲದು. ವಿಮಾನಗಳನ್ನು ದುರಸ್ತಿ ಮಾಡುವ ಹ್ಯಾಂಗರ್‌ನ ತಗಡಿನ ಬಾಗಿಲಿಗೆ ಮುಖಮಾಡಿ ರೇಡಾರ್ ಹಾಕುವುದೂ ತಪ್ಪು, ಕಿರಣ ಬಡಿದು ಯಾವ ಕಡೆಗೆ ಮರಳುತ್ತದೆಂದು ಹೇಳಲಾಗದು.

ಹ್ಯಾಂಗರ್‌ನಲ್ಲಿ ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ, ಯಾವ ಹ್ಯಾಂಗರ್ ಎಂದು ಕೇಳಬೇಡಿ. ರೇಡೋಮ್ ಎತ್ತಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದ ಒಬ್ಬ ಏಣಿ ಹತ್ತಿ, ತಟ್ಟೆಯಿಂದ ಒಂದು ಗೇಣು ದೂರಕ್ಕೆ ಮುಖವಿಟ್ಟು, ಹಿಂದಿನ ಕೇಬಲ್ ಜೋಡಣೆಯನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ. ಕಾಕ್‌ಪಿಟ್‌ನಲ್ಲಿ ಬೇರೆ ಪಾಳಿಯ ಇನ್ನೊಬ್ಬ, ಬೇರೆಯೇ ಕೆಲಸಕ್ಕೆಂದು ವಿಮಾನಕ್ಕೆ ವಿದ್ಯುತ್ ಕೊಟ್ಟ. ತಟ್ಟೆ ಚಂಗನೆ ತಿರುಗಿತು. ಹುಡುಗನ ಕನ್ನಡಕ ಹಾರಿ ಕೆಳಗೆ ಬಿತ್ತು, ಹುಬ್ಬಿನ ಮೇಲೆ ಗಾಯವಾಯಿತು. ಪ್ರಸಾರ ಆಗಿರಲಿಲ್ಲ. ವಿಕಿರಣದ ವಿಚಾರ ಬರುವುದಕ್ಕೆ ಮೊದಲೇ ಬೆರಳೋ ಹುಬ್ಬೋ ಹೋಗುತ್ತದೆ, ಈ ಕೆಲಸದಲ್ಲಿ ನಡೆಯುವುದು ಹೆಚ್ಚಾಗಿ ಹೀಗೆಯೇ. ರೇಡಾರ್‌ನ ಸರ್ಕಿಟ್ ಬ್ರೇಕರ್ ಎಳೆದು, ಅದಕ್ಕೆ ಕೆಂಪು ಕ್ಲಿಪ್ ಸಿಕ್ಕಿಸಿ, ಹೆಸರು ಬರೆದ ಚೀಟಿ ಕಟ್ಟಿದ ಮೇಲಷ್ಟೇ ರೇಡೋಮ್‌ಗೆ ಕೈ ಹಾಕಬೇಕು. ಎರಡು ನಿಮಿಷದ ಕೆಲಸ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. "ರೇಡಾರ್ ಸುರಕ್ಷಿತ ಎನ್ನುತ್ತೀರಿ, ಜರ್ಮನಿಯ ಸೈನಿಕರ ಕಥೆ ಏನು?" ಎಂದು ಒಬ್ಬರು ಬರೆದಿದ್ದಾರೆ. ಒಳ್ಳೆಯ ಪ್ರಶ್ನೆ. ಜರ್ಮನಿಯ ಸೇನೆಯಲ್ಲಿ ರೇಡಾರ್ ದುರಸ್ತಿ ಮಾಡಿದ ಅನೇಕರು ಮುಂದೆ ಕ್ಯಾನ್ಸರ್‌ಗೆ ತುತ್ತಾದರು. ಪರಿಹಾರದ ಬೇಡಿಕೆಯನ್ನು ಪರಿಶೀಲಿಸಿದ ತಜ್ಞರ ಆಯೋಗ 2003ರಲ್ಲಿ ವರದಿ ಕೊಟ್ಟಿತು. ಆಯೋಗ ಬೆರಳು ತೋರಿಸಿದ್ದು ಆಂಟೆನಾದಿಂದ ಹೊರಡುವ ಅಲೆಯ ಕಡೆಗಲ್ಲ. ಪ್ರಸಾರಕದ ಪೆಟ್ಟಿಗೆಯೊಳಗಿನ ಹೆಚ್ಚು ವೋಲ್ಟೇಜಿನ ಕೊಳವೆಗಳು ತಮ್ಮ ಮುಖ್ಯ ಕೆಲಸದ ಜೊತೆಗೆ ಎಕ್ಸ್-ರೇಯನ್ನೂ ಸೂಸುತ್ತಿದ್ದವು. ತಂತ್ರಜ್ಞರು ಮುಚ್ಚಳ ತೆಗೆದು, ಯಂತ್ರ ಓಡುತ್ತಿರುವಾಗಲೇ ಅದರ ಮುಂದೆ ಕುಳಿತು ದುರಸ್ತಿ ಮಾಡುತ್ತಿದ್ದರು. ಅಪಾಯ ಇತ್ತು, ನಿಜವಾಗಿಯೂ ಇತ್ತು. ಜನ ನೋಡುತ್ತಿದ್ದ ದಿಕ್ಕಿನಲ್ಲಿ ಇರಲಿಲ್ಲ. ಇಂದಿನ ವಿಮಾನಗಳ ರೇಡಾರ್‌ಗಳಲ್ಲಿ ಅಂಥ ಕೊಳವೆಗಳಿಲ್ಲ, ಅರೆವಾಹಕಗಳಿವೆ.

ಹೆಣ್ಣುಮಕ್ಕಳ ಪ್ರಶ್ನೆಗೆ ಬರೋಣ. ಯುದ್ಧವಿಮಾನದ ಪೈಲಟ್‌ಗಳಿಗೆ, ರೇಡಾರ್ ನಡೆಸುವವರಿಗೆ ಹೆಣ್ಣುಮಕ್ಕಳೇ ಹೆಚ್ಚು ಎಂಬ ಮಾತು ನಮ್ಮಲ್ಲಿ ಮಾತ್ರವಲ್ಲ, ಬೇರೆ ದೇಶಗಳ ವಾಯುಪಡೆಗಳಲ್ಲೂ ಓಡಾಡುತ್ತದೆ. ಎಣಿಸಿ ನೋಡಿದವರೂ ಇದ್ದಾರೆ, ಒಬ್ಬರ ಎಣಿಕೆ ಇನ್ನೊಬ್ಬರದಕ್ಕೆ ತಾಳೆಯಾಗಿಲ್ಲ. ಮೂವರು ಗಂಡುಮಕ್ಕಳ ತಂದೆಯಾದ ರೇಡಾರ್ ತಂತ್ರಜ್ಞನ ಕಥೆಯನ್ನು ಯಾರೂ ಕ್ಯಾಂಟೀನಿನಲ್ಲಿ ಹೇಳುವುದಿಲ್ಲವಲ್ಲ. ಇದನ್ನು ಒಂದು ದೂರು ಎನ್ನುವಂತೆ ಕೇಳುವುದು ನನಗೆ ಇಷ್ಟವಾಗುವುದಿಲ್ಲ ಎಂದಷ್ಟು ಹೇಳಿ ಮುಂದೆ ಹೋಗುತ್ತೇನೆ.

ರೇಡಾರ್‌ನ ಭಯಕ್ಕಿಂತ ರೇಡಾರ್ ಸರಿಯಾಗಿ ಬಳಸದಿರುವುದು ದೊಡ್ಡ ಅಪಾಯ. ಏಪ್ರಿಲ್, ಮೇ ತಿಂಗಳ ಸಂಜೆ ಬೆಂಗಳೂರಿನ ಮೇಲೆ ಏಳುವ ಮೋಡಗಳನ್ನು ನೀವು ಕೆಳಗಿನಿಂದ ನೋಡಿದ್ದೀರಿ. ಮಧ್ಯಾಹ್ನ ಮೂರಕ್ಕೆ ಚೊಕ್ಕಟ ಆಕಾಶ, ಐದಕ್ಕೆ ಮರ ಉರುಳಿಸುವ ಗಾಳಿ. ಮೇಲಿನಿಂದ ಅವು ನಲವತ್ತು ಸಾವಿರ ಅಡಿ ದಾಟಿದ ಗೋಪುರಗಳು. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ವಿಮಾನವೊಂದು ಆಲಿಕಲ್ಲಿಗೆ ಸಿಕ್ಕಿ, ಮೂತಿ ಒಡೆದುಕೊಂಡು ಇಳಿದ ಚಿತ್ರವನ್ನು ಎಲ್ಲರೂ ಮೊಬೈಲ್‌ನಲ್ಲಿ ನೋಡಿದೆವು. ಒಡೆದದ್ದು ಅದೇ ರೇಡೋಮ್. ಗಾಜಿನ ನಾರಿನ ಟೊಪ್ಪಿಗೆ ಎಂದೆನಲ್ಲ, ಅಲೆಗೆ ದಾರಿ ಬಿಡಬೇಕಾದದ್ದು ಕಲ್ಲಿನ ಏಟು ತಡೆಯುವಷ್ಟು ಗಟ್ಟಿಯಾಗಿರಲು ಸಾಧ್ಯವಿಲ್ಲ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಮುಂದಿನ ಮಳೆ ಬಿರುಸಾಗಿದ್ದರೆ ಕಿರಣವನ್ನು ಅದೇ ನುಂಗಿಬಿಡುತ್ತದೆ, ಅದರ ಹಿಂದಿನ ಇನ್ನೂ ದೊಡ್ಡ ಮೋಡ ಪರದೆಯ ಮೇಲೆ ಬರುವುದೇ ಇಲ್ಲ. 1977ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸದರ್ನ್ ಏರ್‌ವೇಸ್ 242 ವಿಮಾನ ಹೀಗೆ ಬಿರುಗಾಳಿಯ ನಡುವೆ ನುಗ್ಗಿ, ನೀರು ಮತ್ತು ಆಲಿಕಲ್ಲಿನಿಂದ ಎರಡೂ ಎಂಜಿನ್ ಕಳೆದುಕೊಂಡಿತು. ಪರದೆ ಕಪ್ಪಾಗಿದೆ ಎಂದರೆ ಆಕಾಶ ಖಾಲಿ ಎಂದೇ ಅರ್ಥವಲ್ಲ.

ಈಗ ಕೊನೆಗೆಂದು ಇಟ್ಟುಕೊಂಡ ಮಾತು. ಆಸ್ಟ್ರಿಯಾದ ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೆ ಹೋಗಿ, ಎತ್ತರಕ್ಕೆ ಹೋದಂತೆ ವಿಕಿರಣ ಹೆಚ್ಚುತ್ತದೆ ಎಂದು ಕಂಡುಕೊಂಡರು. ಅದೇ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ. ಇದಕ್ಕೂ ನಮ್ಮ ಊರಿಗೂ ಹಳೆಯ ನಂಟು. 1939ರಲ್ಲಿ ರಜೆಗೆಂದು ಬಂದ ಹೋಮಿ ಭಾಭಾ ಯುದ್ಧದಿಂದಾಗಿ ಕೇಂಬ್ರಿಜ್‌ಗೆ ಮರಳಲಾಗದೆ, ಸಿ. ವಿ. ರಾಮನ್ ಇದ್ದ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸೇರಿ ಕೈಗೆತ್ತಿಕೊಂಡದ್ದು ವಿಶ್ವಕಿರಣದ ಅಧ್ಯಯನವನ್ನೇ. ಅವರ ತಂಡ ವಿಮಾನದಲ್ಲಿ ಉಪಕರಣ ಕಳುಹಿಸಿ ಬೆಂಗಳೂರಿನ ಮೇಲಿನ ಆಕಾಶದಲ್ಲಿ ವಿಶ್ವಕಿರಣದಿಂದ ಹುಟ್ಟುವ ಮೆಸಾನ್ ಎಂಬ ಕಣಗಳನ್ನು ಎಣಿಸಿ 1945ರಲ್ಲಿ ಪ್ರಕಟಿಸಿತು. ಬೆಂಗಳೂರು ಭೂಕಾಂತದ ಸಮಭಾಜಕಕ್ಕೆ ಹತ್ತಿರವಿದೆ, ಆ ಎಣಿಕೆಗೆ ಬೆಲೆ ಬಂದದ್ದು ಅದರಿಂದಲೇ. ಸಮಭಾಜಕದ ಬಳಿ ಭೂಮಿಯ ಕಾಂತಕ್ಷೇತ್ರ ಈ ಕಣಗಳನ್ನು ಬಹಳಷ್ಟು ತಡೆಯುತ್ತದೆ, ಧ್ರುವಗಳ ಬಳಿ ಬಾಗಿಲು ತೆರೆದಿರುತ್ತದೆ.

ಇದನ್ನು ಗಂಟೆಗೆ ಪರಿವರ್ತಿಸಿ ನೋಡಿ. ಜೆಟ್ ವಿಮಾನ ಹಾರುವ ಎತ್ತರದಲ್ಲಿ ನಮ್ಮ ಅಕ್ಷಾಂಶಗಳಲ್ಲಿ ಗಂಟೆಗೆ ಅಂದಾಜು ಎರಡರಿಂದ ಮೂರು ಮೈಕ್ರೋಸೀವರ್ಟ್; ಮೈಗೆ ತಾಗುವ ವಿಕಿರಣದ ಅಳತೆ ಇದು, ಸಾವಿರ ಸೇರಿದರೆ ಒಂದು ಮಿಲಿಸೀವರ್ಟ್. ಉತ್ತರ ಧ್ರುವದ ಕಡೆಗೆ ಐದು, ಆರು. ಬೆಂಗಳೂರಿನಿಂದ ದೆಹಲಿಗೆ ಹೋಗಿ ಇಳಿಯುವಷ್ಟರಲ್ಲಿ ಐದಾರು ಮೈಕ್ರೋಸೀವರ್ಟ್. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ವಿಮಾನ ತಂದದ್ದು ನೆನಪಿದೆಯೇ? ಅಂಥ ಒಂದು ಹಾರಾಟಕ್ಕೆ ಎಂಬತ್ತು, ನೂರರ ಹತ್ತಿರ. ವರ್ಷಕ್ಕೆ 700 ಗಂಟೆ ದೇಶದೊಳಗೇ ಹಾರುವವರಿಗೆ ಎರಡು ಮಿಲಿಸೀವರ್ಟ್‌ಗಿಂತ ಕೆಳಗೆ ಇಲ್ಲವೇ ಅದರ ಆಸುಪಾಸು, ಧ್ರುವಮಾರ್ಗದಲ್ಲೇ ಹಾರುವವರಿಗೆ ನಾಲ್ಕರ ಆಸುಪಾಸು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಇಟ್ಟಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಅದಕ್ಕೆ ಹೋಲಿಸಿದರೆ ಇದು ಕಡಿಮೆಯೇ. ಆದರೂ ಎಕ್ಸ್-ರೇ ಕೋಣೆಯಲ್ಲಿ ವಿಕಿರಣ ಅಳೆಯುವ ಬಿಲ್ಲೆ ಧರಿಸಿ ಕೆಲಸ ಮಾಡುವ ಎಷ್ಟೋ ಮಂದಿಗಿಂತ ವಿಮಾನ ಸಿಬ್ಬಂದಿಯ ವರ್ಷದ ಸರಾಸರಿ ಹೆಚ್ಚು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1990ರಲ್ಲೇ ಇದನ್ನು ವೃತ್ತಿಯಿಂದ ಬರುವ ವಿಕಿರಣವೆಂದು ಪರಿಗಣಿಸಲು ಹೇಳಿತು, ಯುರೋಪು ಕಾನೂನು ಮಾಡಿತು. ಪೈಲಟ್ ಮತ್ತು ಗಗನಸಖಿಯರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡುಬಂದಿದೆ. ಇದಕ್ಕೆ ವಿಶ್ವಕಿರಣ ಕಾರಣವೋ, ಕಾಕ್‌ಪಿಟ್ ಗಾಜಿನ ಮೂಲಕ ಬರುವ ನೇರಳಾತೀತವೋ, ರಜೆಯ ದಿನದ ಕಡಲತೀರದ ಬಿಸಿಲೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆ ಅಧ್ಯಯನಗಳು ಹೆಚ್ಚಾಗಿ ಬಿಳಿಚರ್ಮದವರ ಮೇಲೆ ನಡೆದವು ಎಂಬುದನ್ನೂ ಮರೆಯಬೇಡಿ.

ಮುಂದಿನ ಸಾಲಿನಲ್ಲಿ ಕುಳಿತ ಅಮ್ಮ ಒಬ್ಬರು ಮಗಳಿಗಾಗಿ ಕೇಳಿದರು, ಗರ್ಭಿಣಿಯಾದರೆ ಏನು ಮಾಡಬೇಕು ಎಂದು. ಹೊಟ್ಟೆಯಲ್ಲಿರುವ ಮಗುವಿಗೆ ಇಟ್ಟಿರುವ ಮಿತಿ ಒಂದು ಮಿಲಿಸೀವರ್ಟ್. ಧ್ರುವಮಾರ್ಗದಲ್ಲಿ ಅದು ಇನ್ನೂರು ಗಂಟೆಗೂ ಕಡಿಮೆಯಲ್ಲಿ ಮುಗಿಯುತ್ತದೆ, ನಮ್ಮ ದೇಶದೊಳಗಿನ ಹಾರಾಟದಲ್ಲಿ ನಾನೂರು ಗಂಟೆಯ ಆಸುಪಾಸು. ಆದ್ದರಿಂದ ತಿಳಿದ ದಿನವೇ ಕಂಪನಿಯ ವೈದ್ಯರಿಗೆ ತಿಳಿಸಬೇಕು, ಮೂರನೆಯ ತಿಂಗಳವರೆಗೆ ಗುಟ್ಟಾಗಿಡುವ ನಮ್ಮ ಮನೆಗಳ ಪದ್ಧತಿ ಇಲ್ಲಿ ಸಲ್ಲದು. ಪ್ರತಿ ಹಾರಾಟದ ಪ್ರಮಾಣವನ್ನು ಲೆಕ್ಕ ಹಾಕಲು ಅಮೆರಿಕದ ವಿಮಾನಯಾನ ಆಡಳಿತ ಕ್ಯಾರಿ ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತದೆ. ಹೊರಟ ಊರು, ಇಳಿದ ಊರು, ದಿನಾಂಕ, ಎತ್ತರ ಮತ್ತು ಅಲ್ಲಿ ಕಳೆದ ನಿಮಿಷಗಳನ್ನು ತುಂಬಿದರೆ ಸಾಕು. ನಿಮ್ಮ ಲಾಗ್‌ಬುಕ್‌ನಲ್ಲಿ ಇದರಲ್ಲಿ ಹೆಚ್ಚಿನವು ಈಗಾಗಲೇ ಇವೆ. ಅದರ ಪಕ್ಕಕ್ಕೆ ಇನ್ನೊಂದು ಕಾಲಂ ಎಳೆದುಕೊಳ್ಳಿ.